ಕಂಪ್ಯೂಟರ್ ಕೇಸ್ ಫ್ಯಾನ್‌ಗೆ ಮ್ಯಾಗ್ನೆಟ್‌ನಲ್ಲಿ ಡಸ್ಟ್ ಫಿಲ್ಟರ್ ನಿಲ್ಲಿಸಿದೋರು ಯಾರಿದೀರ? ನಾಲ್ಕು ಮೂಲೆಗೆ ಸಾಕಾ, ಸುತ್ತಲೂ ಬೇಕಾ?

ಯಲಹಂಕದವನು:
ನಮಸ್ಕಾರ ಎಲ್ರಿಗೂ. ನಮ್ ಬೀದೀಲಿ ಪೈಪ್‌ಲೈನಿಗೆ ಅಂತ ರಸ್ತೆ ಅಗೆದಿದಾರೆ, ಪಕ್ಕದ ಸೈಟಲ್ಲಿ ನಾಲ್ಕಂತಸ್ತಿನ ಬಿಲ್ಡಿಂಗ್ ಏಳ್ತಿದೆ, ಕಿಟಕಿ ಮುಚ್ಚಿಟ್ರೂ ಸಂಜೆ ಹೊತ್ತಿಗೆ ಟೇಬಲ್ ಮೇಲೆ ಬೆರಳಲ್ಲಿ ಹೆಸರು ಬರೀಬಹುದು ಅಷ್ಟು ಧೂಳು. ನನ್ನ ಕ್ಯಾಬಿನೆಟ್ ಮುಂದೆ ಮೂರು 120 ಎಂಎಂ ಫ್ಯಾನು, ಹಿಂದೆ ಒಂದು. ಮುಂದಿನ ಜಾಲರಿ ನೋಡೋಕೆ ಚೆನ್ನಾಗಿದೆ ಆದ್ರೆ ತೂತು ದೊಡ್ಡವು, ಧೂಳು ನೇರ ಒಳಗೆ. ಗ್ರಾಫಿಕ್ಸ್ ಕಾರ್ಡಿನ ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ರೆಕ್ಕೆಗಳು) ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು.
ನನ್ನ ಪ್ಲಾನು ಏನಂದ್ರೆ ಸಣ್ಣ ಕಣ್ಣಿನ ಮೆಶ್ ತಗೊಂಡು ಫ್ಯಾನ್ ಸೈಜಿಗೆ ಕತ್ತರಿಸಿ, ನಾಲ್ಕು ಮೂಲೆಗೂ ಪುಟ್ಟ ನಿಯೋಡಿಮಿಯಮ್ ಮ್ಯಾಗ್ನೆಟ್ (ಸಣ್ಣದಾದ್ರೂ ಬಹಳ ಗಟ್ಟಿ ಹಿಡಿಯೋ ಥರದ್ದು) ಇಟ್ಟು ಕ್ಯಾಬಿನೆಟ್ ತಗಡಿಗೆ ಕಚ್ಚಿಸೋದು. ಸ್ಕ್ರೂ ಬಿಚ್ಚೋ ಗೋಜಿಲ್ಲ, ಕಿತ್ತು ತೊಳೆದು ಮತ್ತೆ ಇಡಬಹುದು. ಎರಡು ಡೌಟು: ಹಾರ್ಡ್ ಡಿಸ್ಕಿಗೆ ಏನಾದ್ರೂ ಆಗುತ್ತಾ? ಗಾಳಿ ಎಷ್ಟು ಕಮ್ಮಿ ಆಗುತ್ತೆ?

ಎಸ್‌ಪಿರೋಡ್ ಖಾಯಂ ಗಿರಾಕಿ:
ಆರಾಮಾಗಿ ಆಗುತ್ತೆ ಗುರು. ಆದ್ರೆ ಮೊದಲು ಫ್ರಿಜ್ ಮೇಲಿರೋ ಮ್ಯಾಗ್ನೆಟ್ ತಗೊಂಡು ಕ್ಯಾಬಿನೆಟ್ಟಿಗೆ ಹಿಡಿದು ನೋಡು. ಒಳಗಿನ ಚೌಕಟ್ಟು ಸಾಮಾನ್ಯವಾಗಿ ಸ್ಟೀಲ್ ತಗಡೇ ಇರುತ್ತೆ, ಕಚ್ಚುತ್ತೆ. ಹೊರಗಿನ ಮುಖದ ಪ್ಯಾನೆಲ್ ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ ಆಗಿದ್ರೆ ಕಚ್ಚಲ್ಲ. ಆ ಪ್ಯಾನೆಲ್ ಕಿತ್ತು ಅದರ ಹಿಂದಿನ ತಗಡಿಗೇ ಫಿಲ್ಟರ್ ಹಾಕು, ನೋಡೋಕೂ ಕಾಣಲ್ಲ.

ಅಲ್ಯೂಮಿನಿಯಮ್ ಅಣ್ಣ:
ಮೇಲಿನ ಮಾತಿಗೆ ಒಂದು ಸೇರಿಸ್ತೀನಿ. ನಂದು ಪೂರ್ತಿ ಅಲ್ಯೂಮಿನಿಯಮ್ ಕೇಸು, ಮ್ಯಾಗ್ನೆಟ್ ಜಾರಿ ಬೀಳುತ್ತೆ. ಆದ್ರೆ ಫ್ಯಾನ್ ಹಿಡಿದಿರೋ ನಾಲ್ಕು ಸ್ಕ್ರೂ ಇದಾವಲ್ಲ, ಅವು ಸ್ಟೀಲು. 120 ಎಂಎಂ ಫ್ಯಾನಲ್ಲಿ ಸ್ಕ್ರೂಯಿಂದ ಸ್ಕ್ರೂಗೆ 105 ಎಂಎಂ ಅಂತರ, ಯಾವ ಕಂಪನಿದಾದ್ರೂ ಅಷ್ಟೇ. ಮೆಶ್‌ಗೆ 105ರ ಚೌಕದಲ್ಲಿ ನಾಲ್ಕು ಮ್ಯಾಗ್ನೆಟ್ ಕೂರಿಸಿದ್ರೆ ನೇರ ಸ್ಕ್ರೂ ತಲೆಗೇ ಹೋಗಿ ಕಚ್ಚುತ್ತೆ. ರಬ್ಬರ್ ಪಿನ್ ಹಾಕಿರೋ ಫ್ಯಾನಾದ್ರೆ ಈ ಉಪಾಯ ನಡಿಯಲ್ಲ, ಆಗ ಸಣ್ಣ ಸ್ಟೀಲ್ ವಾಷರ್ ಅಂಟಿಸ್ಕೋಬೇಕು. ವಾಷರ್ ತಗೊಳ್ವಾಗ್ಲೂ ಮ್ಯಾಗ್ನೆಟ್ ಹಿಡಿದು ನೋಡಿ, ಸ್ಟೇನ್‌ಲೆಸ್‌ನಲ್ಲಿ 304 ಅಂತ ಬರೋದು ಹೆಚ್ಚುಕಮ್ಮಿ ಕಚ್ಚೋದೇ ಇಲ್ಲ.

ಹಳೇ ಸಿಸ್ಟಮ್:
ಕಂಪ್ಯೂಟರ್ ಹತ್ರ ಮ್ಯಾಗ್ನೆಟ್ ತರಬಾರದು ಅಂತ ಕಾಲೇಜಲ್ಲೇ ಹೇಳ್ಕೊಟ್ಟಿದಾರೆ. ಹಾರ್ಡ್ ಡಿಸ್ಕಲ್ಲಿ ಡೇಟಾ ಇರೋದೇ ಮ್ಯಾಗ್ನೆಟ್ ರೂಪದಲ್ಲಿ. ಫೋಟೋ ಎಲ್ಲಾ ಹೋದ್ಮೇಲೆ ಧೂಳಿಲ್ಲದ ಕ್ಯಾಬಿನೆಟ್ ಇಟ್ಕೊಂಡು ಏನ್ ಮಾಡ್ತೀರ?

ಧಾರವಾಡ ಪೇಡೆ:
ಅದು ಫ್ಲಾಪಿ ಕಾಲದ ಮಾತ್ರೀ ಸರ. ಆಗ ಫ್ಲಾಪಿ ಮ್ಯಾಲೆ ಸ್ಪೀಕರ್ ಇಟ್ರ ಫೈಲ್ ಹೋಗ್ತಿದ್ವು, ಡಬ್ಬಾ ಮಾನಿಟರ್ ಹತ್ರ ಮ್ಯಾಗ್ನೆಟ್ ಹಿಡಿದ್ರ ಬಣ್ಣ ಕಲಸಿ ಹೋಗ್ತಿತ್ತು, ಅದಕ್ಕ ಹಂಗ ಹೇಳ್ತಿದ್ರು. ಈಗಿನ ಹಾರ್ಡ್ ಡಿಸ್ಕ್ ಬಿಚ್ಚಿ ನೋಡ್ರಿ, ಹೆಡ್ಡನ್ನ ಅತ್ಲಾಗ ಇತ್ಲಾಗ ಆಡಿಸಾಕ ಅದರ ಒಳಗ ನಿಯೋಡಿಮಿಯಮ್ ಮ್ಯಾಗ್ನೆಟ್ ಇರ್ತಾವ, ಬೆರಳಿಗೆ ಸಿಕ್ರ ಚಿವುಟಿ ರಕ್ತ ಬರಸ್ತಾವ ಅಷ್ಟ ಗಟ್ಟಿ. ಅದು ಡೇಟಾ ಇರೂ ತಿರುಗೂ ತಟ್ಟೆ, ಅಂದ್ರ ಪ್ಲಾಟರಿಗೆ ಅಂಟಿಕೊಂಡಂಗ ಕುಂತಿರ್ತದ, ಅದರಿಂದನ ಡೇಟಾ ಹೋಗಲ್ಲ ಅಂದಮ್ಯಾಲೆ ಹೊರಗ ತಗಡಿನ ಮ್ಯಾಲಿನ ಗುಂಡಿಯಷ್ಟು ಮ್ಯಾಗ್ನೆಟ್ ಏನ್ ಮಾಡೀತು? ಮ್ಯಾಗ್ನೆಟ್ಟಿನ ಜೋರು ದೂರಕ್ಕ ಹೋದಂಗ ಭಾಳ ಲಗೂನ ಇಳೀತದ, ನಡುವ ಸ್ಟೀಲ್ ತಗಡ ಬ್ಯಾರೆ ಅದನ್ನ ತನ್ನೊಳಗ ಎಳಕೋತದ. ಎಸ್‌ಎಸ್‌ಡಿ ಇದ್ರಂತೂ ಪ್ರಶ್ನೆನ ಇಲ್ಲ, ಅದ್ರಾಗ ಮ್ಯಾಗ್ನೆಟ್ಟಿನ ಲೆಕ್ಕಾನ ಇಲ್ಲ, ಚಿಪ್ಪಿನೊಳಗ ಚಾರ್ಜ್ ಇರೂದು.

ಹಳೇ ಸಿಸ್ಟಮ್:
ಸರಿ, ಹಾರ್ಡ್ ಡಿಸ್ಕ್ ಬಿಡಿ. ಫ್ಯಾನ್ ಮೋಟರಲ್ಲೂ ಮ್ಯಾಗ್ನೆಟ್ ಇದೆಯಲ್ಲ, ಆ ಮ್ಯಾಗ್ನೆಟ್ ಎಲ್ಲಿದೆ ಅಂತ ಗುರುತಿಸೋ ಹಾಲ್ ಸೆನ್ಸರ್ ಇದೆಯಲ್ಲ, ಅದಕ್ಕೆ?

ಧಾರವಾಡ ಪೇಡೆ:
ಈ ಪ್ರಶ್ನೆ ಛಲೋ ಐತಿ. ಮೋಟರ್ ಇರೂದು ನಟ್ಟನಡುವಿನ ಗುಂಡನ ಭಾಗದಾಗ, ಅಂದ್ರ ಹಬ್ (hub) ಅಂತಾರಲ್ಲ ಅದರಾಗ. 105ರ ಚೌಕದ ಮೂಲಿಯಿಂದ ನಡುವಿಗೆ ಲೆಕ್ಕ ಹಾಕ್ರಿ, 74 ಎಂಎಂ ಬರ್ತದ, ಏಳು ಸೆಂಟಿಮೀಟರಿಗಿಂತ ಜಾಸ್ತಿ. ಸಣ್ಣ ಮ್ಯಾಗ್ನೆಟ್ ಅಷ್ಟು ದೂರ ಏನೂ ಮಾಡಂಗಿಲ್ಲ. ಮೆಶ್ ನಡುವ ಜೋಲಬಾರದು ಅಂತ ಯಾರರ ಹಬ್ಬಿನ ಎದುರಿಗೆ ದೊಡ್ಡ ಮ್ಯಾಗ್ನೆಟ್ ಇಟ್ಟೀರಿ ಮತ್ತ, ಅದು ಮಾತ್ರ ಬ್ಯಾಡ. ಫ್ಯಾನ್ ಗುಂಯ್‌ಗುಡಬಹುದು, ಸುರು ಆಗೂದಕ್ಕ ತಡವರಿಸಬಹುದು.

ಮಲೆನಾಡ್ ಮಳೆ:
ನಾಲ್ಕು ಮೂಲೆ ಮ್ಯಾಗ್ನೆಟ್ಟಿಗೆ ನನ್ನ ವಿರೋಧ ಇದೆ, ಸ್ವಲ್ಪ ಉದ್ದ ಬರೀತೀನಿ.
ಫಿಲ್ಟರ್ ಅಂದ್ರೆ ಬರೀ ಬಟ್ಟೆ ಅಲ್ಲ, ಅದರ ಅಂಚೂ ಫಿಲ್ಟರೇ. ಗಾಳಿ ಯಾವಾಗ್ಲೂ ಸುಲಭದ ದಾರಿ ಹುಡುಕುತ್ತೆ. ಮೆಶ್ ಹೊಸದಾಗಿದ್ದಾಗ ಮೆಶ್ ಮೂಲಕ ಹೋಗುತ್ತೆ, ಧೂಳು ಕಟ್ಟಿಕೊಂಡ ಹಾಗೆ ಮೆಶ್ ಬಿಗಿ ಆಗುತ್ತೆ, ಆಗ ಎರಡು ಮೂಲೆ ನಡುವೆ ಅಂಚು ಎಲ್ಲಿ ಎದ್ದಿದೆಯೋ ಅಲ್ಲಿಂದ ನುಗ್ಗುತ್ತೆ. ಅಂದ್ರೆ ಫಿಲ್ಟರ್ ಕೆಲಸ ಮಾಡ್ತಾ ಹೋದಷ್ಟೂ ಸೋರಿಕೆ ಜಾಸ್ತಿ. ಮೂಲೆಗೆ ಮಾತ್ರ ಮ್ಯಾಗ್ನೆಟ್ ಇಟ್ಟ ಮೆಶ್ ಬಿಚ್ಚಿ ನೋಡಿದ್ರೆ ಫ್ಯಾನ್ ಚೌಕಟ್ಟಿನ ಉದ್ದಕ್ಕೂ ಮಧ್ಯಭಾಗದಲ್ಲಿ ಧೂಳಿನ ಗೆರೆ ಕಾಣುತ್ತೆ, ಅದೇ ಸೋರಿರೋ ಜಾಗ.
ಅದಕ್ಕೇ ಅಂಗಡೀಲಿ ಬರೋ ಮ್ಯಾಗ್ನೆಟಿಕ್ ಫಿಲ್ಟರುಗಳು, ಸಿಲ್ವರ್‌ಸ್ಟೋನ್‌ದು ಎಫ್ಎಫ್123 ಆಗಲಿ, ದಕ್ಷಿಣ ಆಫ್ರಿಕಾದ ಡೆಮ್ಸಿಫ್ಲೆಕ್ಸ್‌ದಾಗಲಿ, ಸುತ್ತಲೂ ಬಗ್ಗೋ ಮ್ಯಾಗ್ನೆಟ್ ಪಟ್ಟಿ ಕೊಟ್ಟು ಮಾಡಿರ್ತಾರೆ. ಆ ಪಟ್ಟಿ ಅಂದ್ರೆ ರಬ್ಬರಿನಲ್ಲಿ ಫೆರೈಟ್ ಅನ್ನೋ ಮ್ಯಾಗ್ನೆಟ್ ಪುಡಿ ಕಲಸಿ ಮಾಡಿದ್ದು. ಒಂದೊಂದು ಇಂಚಿಗೆ ಶಕ್ತಿ ಕಮ್ಮಿ, ಆದ್ರೆ ನಾಲ್ಕೂ ಬದಿ ಉದ್ದಕ್ಕೂ ಕೂರುತ್ತೆ, ಸಂದು ಬಿಡಲ್ಲ. ಇನ್ನೊಂದು ಲಾಭ, ಪಟ್ಟಿಯ ದಪ್ಪದಷ್ಟು ಮೆಶ್ ತಗಡಿನಿಂದ ಮೇಲೆ ನಿಲ್ಲುತ್ತೆ. ಮೆಶ್ ತಗಡಿನ ತೂತುಗಳ ಮೇಲೇ ಅಂಟಿ ಕೂತ್ರೆ ತೂತಿನ ಎದುರಿಗಿರೋ ಭಾಗ ಮಾತ್ರ ಗಾಳಿ ಬಿಡುತ್ತೆ, ಉಳಿದದ್ದು ದಂಡ. ಒಂದೆರಡು ಎಂಎಂ ಅಂತರ ಇದ್ರೂ ಪೂರ್ತಿ ಮೆಶ್ ದುಡಿಯುತ್ತೆ.

ಎಸ್‌ಪಿರೋಡ್ ಖಾಯಂ ಗಿರಾಕಿ:
ಒಪ್ಪಲ್ಲ. ಮೆಶ್‌ಗೆ ಗಟ್ಟಿ ಚೌಕಟ್ಟು ಇದ್ರೆ ನಾಲ್ಕು ಮೂಲೆ ಸಾಕು. ಪ್ಲಾಸ್ಟಿಕ್ ಫೈಲ್ ಹಾಳೆ ಕತ್ತರಿಸಿ ಫ್ರೇಮ್ ಮಾಡಿ, ಕೆಳಗೆ ಬಾಗಿಲ ಸಂದಿಗೆ ಹಾಕೋ ಸ್ಪಂಜ್ ಟೇಪ್ ಅಂಟಿಸಿದ್ರೆ ನಿಯೋಡಿಮಿಯಮ್ ಒತ್ತೋ ಒತ್ತಡಕ್ಕೆ ಸ್ಪಂಜ್ ಅಮುಕಿ ಕೂತ್ಕೊಳ್ಳುತ್ತೆ. ಬಗ್ಗೋ ಪಟ್ಟಿ ಶಕ್ತಿ ಏನೂ ಸಾಲಲ್ಲ, ಪೇಂಟ್ ದಪ್ಪ ಇದ್ರೆ ಇನ್ನೂ ಕಮ್ಮಿ, ಕ್ಯಾಬಿನೆಟ್ ಎತ್ತಿ ಇಟ್ಟರೆ ಉದುರುತ್ತೆ.

ಮಲೆನಾಡ್ ಮಳೆ:
ಸ್ಪಂಜ್ ಹಾಕಿದ್ರೆ ಸರಿ, ಆಗ ಅಂಚು ಮುಚ್ತು. ನಾನು ಹೇಳ್ತಿರೋದೂ ಅಂಚು ಮುಚ್ಚಬೇಕು ಅಂತ್ಲೇ, ಬರೀ ಮೆಶ್ ಮೇಲೆ ನಾಲ್ಕು ಗುಂಡಿ ಇಟ್ಟು ಬಿಡೋದಕ್ಕೆ ನನ್ನ ತಕರಾರು.

ಕೊಡಿಯಾಲ್ ಮೀನ್‌ಕರಿ:
ಪಟ್ಟಿಗೆ ದುಡ್ಡು ಯಾಕೆ ಹಾಕ್ತೀರಿ ಮಾರಾಯ್ರೆ. ಗುಜರಿಯಲ್ಲಿ ಹಳೇ ಫ್ರಿಜ್ಜಿನ ಬಾಗಿಲು ಸಿಕ್ತದಲ್ಲ, ಅದರ ಸುತ್ತ ಇರುವ ರಬ್ಬರ್ ಗ್ಯಾಸ್ಕೆಟ್ ಕೊಯ್ದು ನೋಡಿ, ಒಳಗೆ ಉದ್ದಕ್ಕೆ ಕಪ್ಪು ಮ್ಯಾಗ್ನೆಟ್ ಪಟ್ಟಿ ಉಂಟು. ಎಳೆದ್ರೆ ಇಡೀ ಪಟ್ಟಿ ಹೊರಗೆ ಬರ್ತದೆ, ಒಂದು ಬಾಗಿಲಿನದ್ದು ಮೂರ್ನಾಲ್ಕು ಫ್ಯಾನಿಗೆ ಧಾರಾಳ ಸಾಕು. ಕಿಟಕಿಯ ಸೊಳ್ಳೆ ಪರದೆಗೆ ಹಾಕುವ ಮ್ಯಾಗ್ನೆಟ್ ಪಟ್ಟಿಯೂ ಆಗ್ತದೆ. ಕತ್ತರಿಯಲ್ಲಿ ಕತ್ತರಿಸುವುದು, ಅಷ್ಟೆ. ಒಂದು ನೋಡಿಕೊಳ್ಳಿ, ಕೆಲವು ಪಟ್ಟಿ ಒಂದೇ ಮುಖಕ್ಕೆ ಗಟ್ಟಿ ಹಿಡಿಯುವುದು, ಮತ್ತೊಂದು ಮುಖ ಸುಮ್ಮನೆ. ಅಂಟಿಸುವ ಮೊದಲು ಎರಡೂ ಬದಿ ತಗಡಿಗೆ ಹಿಡಿದು ನೋಡಬೇಕು.

ಯಲಹಂಕದವನು:
ಫ್ರಿಜ್ ಗ್ಯಾಸ್ಕೆಟ್ ಐಡಿಯಾ ಸೂಪರ್! ಸೊಳ್ಳೆ ಪರದೆ ಅಂದ್ರಲ್ಲ, ಆ ಮೆಶ್ಶನ್ನೇ ಫಿಲ್ಟರಿಗೆ ಹಾಕಿದ್ರೆ?

ಮಲೆನಾಡ್ ಮಳೆ:
ಅದರ ಕಣ್ಣು ಒಂದು ಎಂಎಂಗಿಂತ ದೊಡ್ಡದು. ಸೊಳ್ಳೆ ತಡೆಯುತ್ತೆ, ಕೂದಲೂ ತಡೆಯುತ್ತೆ, ಧೂಳು ತಡೆಯಲ್ಲ. ಏಸಿ ಒಳಗಿರೋ ಮೆಶ್ ಥರದ್ದು ತಗೊಳ್ಳಿ. ತೀರಾ ಸಣ್ಣ ಕಣ್ಣೂ ಬೇಡ, ನೈಲಾನ್ ಸಾಕ್ಸ್ ಎಳೆದು ಕಟ್ಟೋರು ಇದಾರೆ, ಧೂಳು ಚೆನ್ನಾಗಿ ಹಿಡಿಯುತ್ತೆ ಆದ್ರೆ ಬೇಗ ಕಟ್ಟಿಕೊಂಡು ಫ್ಯಾನ್ ಉಸಿರುಗಟ್ಟುತ್ತೆ.
ಮತ್ತೆ ಒಂದು ತಿಳ್ಕೊಳ್ಳಿ, ಯಾವ ಮೆಶ್ಶೂ ನುಣುಪು ಪುಡಿಯನ್ನ ಪೂರ್ತಿ ತಡೆಯಲ್ಲ. ತಡೆಯೋದು ಬಟ್ಟೆ ನೂಲು, ಕೂದಲು, ಹತ್ತಿ ಎಳೆ. ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಬಲೆ ಕಟ್ಟೋದು ಈ ನೂಲೇ, ಆ ಬಲೆಗೆ ಪುಡಿ ಸಿಕ್ಕಿಕೊಂಡು ಗಾಳಿ ನಿಲ್ಲೋದು. ನೂಲು ಹೊರಗೇ ನಿಂತ್ರೆ ಒಳಗೆ ಹೋದ ಪುಡಿ ಬ್ಲೋವರ್‌ನಲ್ಲಿ ಊದಿದ್ರೆ ಹಾರಿ ಹೋಗುತ್ತೆ.

ಝೆರಾಕ್ಸ್ ಅಂಗಡಿ:
ಊದುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಬ್ಲೋವರ್ ಗಾಳಿಗೆ ಮಿತಿಮೀರಿ ತಿರುಗಿದ್ರೆ ಬೇರಿಂಗ್ ಹಾಳು.
ನಮ್ಮದು ಝೆರಾಕ್ಸ್ ಡಿಟಿಪಿ ಅಂಗಡಿ, ಮಷೀನ್ ಪಕ್ಕದಲ್ಲೇ ಕಂಪ್ಯೂಟರು. ಕಾಗದದ ನಾರು ಒಂದ್ಕಡೆ, ಟೋನರ್ ಒಂದ್ಕಡೆ. ಟೋನರ್ ಪುಡಿ ಮೈಕ್ರಾನ್ ಲೆಕ್ಕದ್ದು, ಮೆಶ್ ದಾಟಿ ಹೋಗೇ ಹೋಗುತ್ತೆ. ಆದ್ರೆ ಮ್ಯಾಗ್ನೆಟ್ ಪಟ್ಟಿ ಹಾಕಿದ ಮೇಲೆ ನಾನು ಗಮನಿಸಿದ್ದು, ಪಟ್ಟಿ ಅಂಚಿಗೆ ಕಪ್ಪು ಪುಡಿ ಕಚ್ಚಿಕೊಂಡಿರುತ್ತೆ. ಬಹಳ ಕಪ್ಪು ಟೋನರುಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತೆ, ಅದಕ್ಕೆ. ಇದನ್ನ ತೊಳೆಯುವಾಗ ಬಿಸಿ ನೀರು ಬೇಡ, ಟೋನರ್ ಮೆತ್ತಗಾಗಿ ಮೆಶ್ಶಿಗೆ ಹಿಡಿದುಬಿಡುತ್ತೆ, ತಣ್ಣೀರೇ ಸರಿ.

ಸಂಡೂರು ಸೀಮೆ:
ಝೆರಾಕ್ಸ್ ಅಣ್ಣ ಹೇಳಿದ್ದು ಓದಿ ನಮ್ಮೂರ ಕಥೆ ಹೇಳ್ಬೇಕು ಅನ್ನಿಸ್ತು. ನಮ್ಮ ಕಡೆ ಅದಿರು ಲಾರಿ ಓಡಾಡೋ ರಸ್ತೆ, ಮನೆ ಗೋಡೆ, ಗಿಡದ ಎಲೆ, ನಾಯಿ ಮೈ ಎಲ್ಲಾ ಕೆಂಪು. ಮ್ಯಾಗ್ನೆಟ್ ಫಿಲ್ಟರ್ ಹಾಕಿದ್ರೆ ಅದಿರು ಧೂಳೆಲ್ಲಾ ಮ್ಯಾಗ್ನೆಟ್ಟೇ ಹಿಡಿಯುತ್ತೆ ಅಂತ ನಮ್ಮ ಫ್ರೆಂಡ್ಸ್ ಎಲ್ಲಾ ಅಂದ್ಕೊಂಡಿದ್ರು. ಹಾಗಾಗಲ್ಲ. ನಮ್ಮ ಸಂಡೂರು ದೋಣಿಮಲೆ ಕಡೆ ಅದಿರು ಹೆಮಟೈಟ್, ಕಬ್ಬಿಣ ಜಾಸ್ತಿ ಇದ್ರೂ ಮ್ಯಾಗ್ನೆಟ್ಟಿಗೆ ಅದು ಬಹಳ ದುರ್ಬಲವಾಗಿ ಸ್ಪಂದಿಸುತ್ತೆ. ಗಟ್ಟಿ ಕಚ್ಚೋದು ಮ್ಯಾಗ್ನಟೈಟ್, ಕುದುರೆಮುಖದಲ್ಲಿ ತೆಗೀತಿದ್ದದ್ದು ಅದು, ಅಲ್ಲಿ 2005ರ ಕೊನೆಗೆ ಗಣಿ ನಿಂತೇ ಹೋಯ್ತು. ಚಿಕ್ಕೋರಿದ್ದಾಗ ಹಳೇ ಸ್ಪೀಕರಿನ ಮ್ಯಾಗ್ನೆಟ್ ಮಣ್ಣಲ್ಲಿ ಎಳೆದಾಡಿದ್ರೆ ಕಪ್ಪು ಪುಡಿ ಮುಳ್ಳುಮುಳ್ಳಾಗಿ ಅಂಟ್ತಿತ್ತಲ್ಲ, ಅದೂ ಹೆಚ್ಚಾಗಿ ಮ್ಯಾಗ್ನಟೈಟೇ. ಹಾಗಾಗಿ ನಮ್ಮಲ್ಲಿ ಮ್ಯಾಗ್ನೆಟ್ಟಿನ ಕೆಲಸ ಫಿಲ್ಟರ್ ಹಿಡಿದು ನಿಲ್ಲಿಸೋದು ಮಾತ್ರ, ಧೂಳು ಹಿಡಿಯೋದು ಮೆಶ್ಶೇ.
ಅಲ್ಪಸ್ವಲ್ಪ ಕಚ್ಚೋ ಪುಡಿ ನೀರಿಗೆ ಹೋಗಲ್ಲ, ಸೆಲ್ಲೋ ಟೇಪ್ ಒತ್ತಿ ಕಿತ್ತರೆ ಬರುತ್ತೆ.

ಧಾರವಾಡ ಪೇಡೆ:
ಭಾಳ ಛಂದ ಹೇಳಿದ್ರಿ. ಆ ಧೂಳಿನಾಗ ಉಸಿರಾಡೋ ಮಂದಿಗೆ ಯಾವ ಫಿಲ್ಟರ್ ಐತ್ರಿ ಅನ್ನೂದ ದೊಡ್ಡ ಪ್ರಶ್ನೆ.

ಸಂಡೂರು ಸೀಮೆ:
ಅದನ್ನ ಮಾತಾಡೋಕೆ ಬೇರೆ ಥ್ರೆಡ್ಡೇ ಬೇಕು ಸರ್. ಲಾರಿಗೆ ಟಾರ್ಪಾಲು ಸರಿಯಾಗಿ ಹೊದಿಸಿ ರಸ್ತೆಗೆ ನೀರು ಹೊಡೆದ್ರೆ ಅರ್ಧ ಧೂಳು ಕಮ್ಮಿ ಆಗುತ್ತೆ, ಅದನ್ನ ಕೇಳಿ ಕೇಳಿ ಜನಕ್ಕೆ ಸಾಕಾಗಿದೆ.

ನರ್ಸ್ ಅಕ್ಕ:
ನಡುವೆ ಬಂದೆ, ಕ್ಷಮಿಸಿ, ಆದ್ರೆ ಇದನ್ನ ಹೇಳಲೇಬೇಕು. ಮನೇಲಿ ಚಿಕ್ಕ ಮಕ್ಕಳಿದ್ರೆ ಬಿಡಿಬಿಡಿ ನಿಯೋಡಿಮಿಯಮ್ ಗುಂಡಿ ದಯವಿಟ್ಟು ಬಳಸಬೇಡಿ. ಒಂದಕ್ಕಿಂತ ಹೆಚ್ಚು ನುಂಗಿದ್ರೆ ಹೊಟ್ಟೆ ಒಳಗೆ ಬೇರೆ ಬೇರೆ ಕಡೆಯ ಕರುಳನ್ನ ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಎಳೀತವೆ, ಕರುಳಿಗೆ ತೂತು ಬೀಳುತ್ತೆ, ಆಪರೇಷನ್ನೇ ಗತಿ. ನುಂಗಿರಬಹುದು ಅಂತ ಅನುಮಾನ ಬಂದ್ರೂ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಕ್ಯಾಬಿನೆಟ್ ನೆಲದ ಮೇಲಿದ್ರೆ ಅಂಬೆಗಾಲಿಡೋ ಮಗುವಿನ ಕೈಗೆ ಸರಿಯಾಗಿ ಸಿಗೋ ಎತ್ತರ ಅದು. ಪೇಸ್‌ಮೇಕರ್ ಇರೋ ಹಿರಿಯರು ಇದ್ರೆ ಗಟ್ಟಿ ಮ್ಯಾಗ್ನೆಟ್ ಅವರ ಎದೆಯಿಂದ ಒಂದು ಗೇಣಿನಷ್ಟಾದ್ರೂ ದೂರ ಇರಲಿ.

ಮಲೆನಾಡ್ ಮಳೆ:
ಅಕ್ಕ, ಥ್ಯಾಂಕ್ಸ್. ಪಟ್ಟಿ ಪರವಾಗಿ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎಸ್‌ಪಿರೋಡ್ ಖಾಯಂ ಗಿರಾಕಿ:
ಮಕ್ಕಳಿರೋ ಮನೆಗೆ ಪಟ್ಟಿನೇ ಸರಿ, ಇದರಲ್ಲಿ ವಾದ ಇಲ್ಲ. ಮಕ್ಕಳಿಲ್ಲದ ಕಡೆ ಗುಂಡಿ ಹಾಕೋರು ಬರೀ ಅಂಟು ನಂಬಬೇಡಿ. ನಿಯೋಡಿಮಿಯಮ್ ಮೇಲೆ ನಿಕ್ಕಲ್ ಲೇಪ ಇರುತ್ತೆ, ನುಣುಪು, ಫೆವಿಕ್ವಿಕ್ ಹಾಕಿದ್ರೆ ಪದರ ಸಮೇತ ಕಿತ್ತು ಬರುತ್ತೆ. ಮರಳು ಕಾಗದದಲ್ಲಿ ಲೇಪ ಹರಿಯದ ಹಾಗೆ ಮೆಲ್ಲಗೆ ಉಜ್ಜಿ ಅರಾಲ್ಡೈಟ್ ಹಾಕಿ. ಒಂದಕ್ಕೊಂದು ಫಟ್ ಅಂತ ಹೊಡ್ಕೊಳೋಕೆ ಬಿಡಬೇಡಿ, ಚೂರಾಗುತ್ತೆ, ಚೂರು ಕಣ್ಣಿಗೆ ಹಾರುತ್ತೆ.

ರಾಯಚೂರ ಬಿಸಲ:
ಪಟ್ಟಿ ಹಿಂದ ಬರೋ ಗಮ್ಮಿನ ಬಗ್ಗೆನೂ ಒಂದ್ ಮಾತು. ನಮ್ಮಲ್ಲಿ ಏಪ್ರಿಲ್ ಮೇ ಅಂದ್ರ 40 ದಾಟೂದು ಮಾಮೂಲು, ಗಮ್ಮು ಕರಗಿ ಮೆಶ್ ಜಾರ್ತದ. ಮೆಶ್ಶನ್ನ ಪಟ್ಟಿಗೆ ಸೂಜಿ ದಾರದಾಗ ಹೊಲೀರಿ, ಪಟ್ಟಿ ಮೆತ್ತಗ ಇರ್ತದ, ದಪ್ಪ ಸೂಜಿ ಆರಾಮ ಹೋಗ್ತದ. ನಮ್ಮ ಮನ್ಯಾಗ ಹೊಲಿದದ್ದು ಇವತ್ತಿಗೂ ಹಂಗ ಐತಿ.

ಕೊಡಿಯಾಲ್ ಮೀನ್‌ಕರಿ:
ಹೊಲಿಯುವುದು ಒಳ್ಳೆ ಉಪಾಯ. ನಮ್ಮಲ್ಲಿ ಸಮಸ್ಯೆ ತೇವದ್ದು. ಮಳೆಗಾಲದಲ್ಲಿ ಫಿಲ್ಟರ್ ತೊಳೆದ್ರೆ ಒಣಗುವುದೇ ಇಲ್ಲ, ಒದ್ದೆ ಇರುವಾಗ ಇಟ್ರೆ ನೀರ ಹನಿ ಫ್ಯಾನ್ ಒಳಗೆ ಎಳೆದುಕೊಳ್ತದೆ. ಎರಡು ಸೆಟ್ ಮಾಡಿ ಇಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು ಹಾಕುವುದು. ಮ್ಯಾಗ್ನೆಟ್ಟಿನ ನಿಜವಾದ ಸುಖ ಅದು, ಅರೆ ನಿಮಿಷದ ಕೆಲಸ. ಸ್ಕ್ರೂ ಹಾಕಿದ ಫಿಲ್ಟರ್ ಯಾರೂ ತೆಗೆದು ತೊಳೆಯುವುದಿಲ್ಲ, ನಾಳೆ ನಾಳೆ ಅಂತ ವರ್ಷ ಕಳೀತದೆ. ಮತ್ತೆ ನಿಯೋಡಿಮಿಯಮ್ ಲೇಪ ಎಲ್ಲಿಯಾದ್ರೂ ಕಿತ್ತಿದ್ರೆ ಸಮುದ್ರದ ಗಾಳಿಗೆ ತುಕ್ಕು ಹಿಡಿದು ಪುಡಿಯಾಗ್ತದೆ, ಫೆರೈಟ್ ಪಟ್ಟಿಗೆ ಆ ತೊಂದರೆ ಇಲ್ಲ.

ದುಬೈ ಕನ್ನಡಿಗ:
ಎರಡು ಸೆಟ್ ಅನ್ನೋದಕ್ಕೆ ನಂದೂ ಒಂದು ಓಟು. ಇಲ್ಲಿ ಮರಳು, ಜೊತೆಗೆ ಮನೇಲಿ ಬೆಕ್ಕು. ಒಂದು ವಾರ ಬಿಟ್ರೆ ಫಿಲ್ಟರ್ ಮೇಲೆ ಇನ್ನೊಂದು ಬೆಕ್ಕು ಮಾಡೋವಷ್ಟು ರೋಮ.

ಹಳೇ ಸಿಸ್ಟಮ್:
ಯಾರೂ ಒಂದು ವಿಷಯ ಹೇಳ್ತಿಲ್ಲ. ಫಿಲ್ಟರ್ ಕಟ್ಟಿಕೊಂಡಾಗ ಏನಾಗುತ್ತೆ ಗೊತ್ತಾ? ಮುಂದಿನ ಮೂರು ಫ್ಯಾನ್ ಗಾಳಿ ಕಮ್ಮಿ ಎಳೆಯುತ್ತೆ, ಹಿಂದಿನದು ಮೊದಲಿನಷ್ಟೇ ಹೊರಗೆ ತಳ್ಳುತ್ತೆ, ಒಳಗೆ ಒತ್ತಡ ಹೊರಗಿಗಿಂತ ಕಮ್ಮಿ ಆಗುತ್ತೆ. ಆಗ ಗ್ರಾಫಿಕ್ಸ್ ಕಾರ್ಡ್ ಹಿಂದಿನ ಸ್ಲಾಟು, ಯುಎಸ್‌ಬಿ ಸಂದು, ಪ್ಯಾನೆಲ್ ಬಿರುಕು, ಎಲ್ಲಿಂದೆಲ್ಲಾ ಸಾಧ್ಯವೋ ಅಲ್ಲಿಂದ ಧೂಳು ಒಳಗೆ. ಫಿಲ್ಟರ್ ಹಾಕಿ ಮರೆತುಬಿಟ್ರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಮಲೆನಾಡ್ ಮಳೆ:
ಇದು ನೂರಕ್ಕೆ ನೂರು ಸತ್ಯ. ಒಳಕ್ಕೆ ಬರೋ ಗಾಳಿ ಹೊರಕ್ಕೆ ಹೋಗೋದಕ್ಕಿಂತ ಜಾಸ್ತಿ ಇರಬೇಕು, ಆಗ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತೆ, ಧೂಳು ಬರಲ್ಲ. ಪರೀಕ್ಷೆ ಮಾಡೋದು ಸುಲಭ. ಊದಿನಕಡ್ಡಿ ಹಚ್ಚಿ ಹಿಂದಿನ ಸ್ಲಾಟ್ ಹತ್ರ ಹಿಡೀರಿ. ಹೊಗೆ ಆಚೆ ತಳ್ಳಿದ್ರೆ ಸರಿ ಇದೆ, ಒಳಗೆ ಎಳೆದ್ರೆ ಫಿಲ್ಟರ್ ತೊಳೆಯೋ ಹೊತ್ತಾಗಿದೆ, ಇಲ್ಲಾ ಹಿಂದಿನ ಫ್ಯಾನ್ ವೇಗ ಇಳಿಸಬೇಕು. ಅಂಚಿನ ಸೋರಿಕೆ ನೋಡೋಕೂ ಅದೇ ಕಡ್ಡಿ, ಫಿಲ್ಟರ್ ಸುತ್ತ ಮೆಲ್ಲಗೆ ಆಡಿಸಿ, ಹೊಗೆ ಎಲ್ಲಿ ಸಂದಿಗೆ ಸರ್ರನೆ ನುಗ್ಗುತ್ತೋ ಅಲ್ಲಿ ಪಟ್ಟಿ ಎದ್ದಿದೆ ಅಂತ.

ಮೈಸೂರ್ ಮಲ್ಲಿಗೆ ಬಳ್ಳಿ:
ಊದಿನಕಡ್ಡಿ ಅಂದ್ಮೇಲೆ ನೆನಪಾಯ್ತು, ಆಯುಧಪೂಜೆ ದಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚುವಾಗ ಆಫ್ ಮಾಡಿ ಹಚ್ಚಿ ಅಂತ ಎಲ್ಲರ ಮನೇಲೂ ಹೇಳಿ. ಫ್ಯಾನ್ ತಿರುಗ್ತಿರುವಾಗ ಮುಂದಿನ ಜಾಲರಿಗೇ ಹಚ್ಚಿದ್ರೆ ಪುಡಿಯೆಲ್ಲಾ ಒಳಗೆ. ಗ್ಲಾಸ್ ಬದಿಗೆ ಗಂಧ ನೀರಲ್ಲಿ ಕಲಸಿ ಬೊಟ್ಟಿಟ್ರೆ ಪೂಜೆಯೂ ಆಯ್ತು, ಒರೆಸೋಕೂ ಸಲೀಸು.

ಝೆರಾಕ್ಸ್ ಅಂಗಡಿ:
ನಮ್ಮಲ್ಲಿ ಕುಂಬಳಕಾಯಿ ಒಡೆಯೋದು ಬಾಗಿಲ ಹೊರಗೆ, ಮಷೀನಿಗೆ ಹೂವಿನ ಹಾರ ಮಾತ್ರ. ಹಾರವೂ ಫ್ಯಾನ್ ಮೇಲೆ ಬರಬಾರದು.

ಯಲಹಂಕದವನು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಗುಜರಿ ಅಂಗಡೀಲಿ ಫ್ರಿಜ್ ಬಾಗಿಲು ಹೇಳಿಟ್ಟಿದೀನಿ. ಪಟ್ಟಿಗೆ ಮೆಶ್ ಹೊಲಿದು, ಮುಂದಿನ ಪ್ಯಾನೆಲ್ ಒಳಗಿನ ತಗಡಿಗೆ ಹಾಕ್ತೀನಿ, ಎರಡು ಸೆಟ್. ಅಕ್ಕನ ಮಗಳು ವಾರಾಂತ್ಯಕ್ಕೆ ಬರ್ತಾಳೆ, ಹಾಗಾಗಿ ಗುಂಡಿ ಮ್ಯಾಗ್ನೆಟ್ ಬೇಡವೇ ಬೇಡ. ಇನ್ನೆರಡು ಉಳೀತು: ಹಿಂದಿನ ಫ್ಯಾನಿಗೂ ಹಾಕ್ಬೇಕಾ? ಮತ್ತೆ ಫ್ಯಾನ್ ಯಾವ ಕಡೆಯಿಂದ ಎಳೆಯುತ್ತೆ ಅಂತ ನೋಡೋದು ಹೇಗೆ?

ಅಲ್ಯೂಮಿನಿಯಮ್ ಅಣ್ಣ:
ಹಿಂದಿನದಕ್ಕೆ ಬೇಡ, ಅದು ಹೊರಗೆ ತಳ್ಳೋದು, ಫಿಲ್ಟರ್ ಹಾಕಿದ್ರೆ ಬಿಸಿ ಗಾಳಿಗೆ ಅಡ್ಡ ಅಷ್ಟೇ. ಫ್ಯಾನಿನ ಒಂದು ಬದಿಯಲ್ಲಿ ಮೋಟರ್ ಹಿಡಿದಿರೋ ಕಡ್ಡಿಗಳು ಕಾಣ್ತವಲ್ಲ, ಸಾಮಾನ್ಯವಾಗಿ ಗಾಳಿ ಹೊರಗೆ ಬರೋದು ಆ ಬದಿಯಿಂದ. ಬರೀ ರೆಕ್ಕೆ ಕಾಣೋ ಬದಿ ಎಳೆಯುತ್ತೆ, ಫಿಲ್ಟರ್ ಅಲ್ಲಿಗೆ. ಅನುಮಾನ ಇದ್ರೆ ಟಿಶ್ಯೂ ಚೂರು ಹಿಡಿದು ನೋಡಿ. ಪವರ್ ಸಪ್ಲೈ ಕೆಳಗಿನಿಂದ ಎಳೆಯೋ ಥರ ಇದ್ರೆ ಅದರ ಕೆಳಗಿನ ಕಿಂಡಿಗೂ ಒಂದು ಪಟ್ಟಿ ಫಿಲ್ಟರ್ ಹಾಕಿ. ಪವರ್ ಸಪ್ಲೈ ಬಿಚ್ಚಿ ಒಳಗೆ ಕ್ಲೀನ್ ಮಾಡೋಕೆ ಮಾತ್ರ ಹೋಗ್ಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ಕರೆಂಟ್ ಉಳಿದಿರುತ್ತೆ.

ಹೊಸಬ:
ನಂದು 140 ಎಂಎಂ ಫ್ಯಾನು. ಅದಕ್ಕೆ ಸ್ಕ್ರೂ ಅಂತರ ಎಷ್ಟು ಅಣ್ಣ?

ಅಲ್ಯೂಮಿನಿಯಮ್ ಅಣ್ಣ:
124.5. ಮೆಶ್ ಕತ್ತರಿಸೋ ಮೊದಲು ಸ್ಕೇಲ್ ಇಟ್ಟು ಒಂದ್ಸಲ ಅಳೆದ್ಬಿಡಿ, ಕೆಲವು 140ರ ಫ್ಯಾನ್ 120ರ ತೂತಿಗೆ ಕೂರೋ ಥರಾನೂ ಬರ್ತವೆ.